ದೆವ್ವಕ್ಕಿಂತ ಮೊದಲು ಊರು

ಗೇಮ್ ಮಾರಲೆಂದು ಮಾಡಿದ ಹಾರರ್ ವೆಬ್ ಸರಣಿಗಳನ್ನು ನಾನು ಅನುಮಾನ ಇಟ್ಟುಕೊಂಡೇ ನೋಡುವವನು. ನಾಲ್ಕು ಸಲ ಕಿರುಚಿಸಿ, ಕಡೆಗೆ ಬಿಡುಗಡೆಯ ತಾರೀಖು ತೋರಿಸಿ ಕೈತೊಳೆದುಕೊಳ್ಳುವುದು ಆ ಧಂದೆಯ ರೂಢಿ. ‘ಬ್ರೈಟ್ ಫಾಲ್ಸ್’ ಮಾತ್ರ ಬೇರೆ ಜಾತಿಯದು. 2010ರ ಮೇ ತಿಂಗಳಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಬಂದ ‘ಅಲನ್ ವೇಕ್’ ಎಂಬ ಗೇಮಿನ ಮುನ್ನುಡಿಯಾಗಿ ಫಿಲಿಪ್ ವ್ಯಾನ್ ನಿರ್ದೇಶಿಸಿದ ಆರು ಕಂತುಗಳ ಕಿರುಸರಣಿ ಅದು.

ಕಥೆ ಸಣ್ಣದು. ಜೇಕ್ ಫಿಶರ್ ಎಂಬ ಪತ್ರಕರ್ತ ಡಾ. ಎಮಿಲ್ ಹಾರ್ಟ್‌ಮನ್ ಎಂಬಾತನ ಸಂದರ್ಶನಕ್ಕೆಂದು ಗುಡ್ಡಗಾಡಿನ ಒಂದು ಊರಿಗೆ ಹೊರಟಿದ್ದಾನೆ. ದಾರಿಯಲ್ಲಿ ಅವನ ಕಾರಿಗೆ ಜಿಂಕೆ ಬಡಿಯುತ್ತದೆ. ಅಲ್ಲಿಂದ ಮುಂದೆ ಅವನ ರಾತ್ರಿಗಳ ಲೆಕ್ಕ ತಪ್ಪುತ್ತದೆ. ಮಲಗಿದ್ದು ಕೋಣೆಯಲ್ಲಿ, ಎದ್ದದ್ದು ಕಾಡಿನಲ್ಲಿ. ನಡುವೆ ಏನಾಯಿತೆಂಬುದು ಅವನಿಗೇ ಗೊತ್ತಿಲ್ಲ. ಬರಬರುತ್ತ ಬೆಳಕೂ ಆಗಿಬರುವುದಿಲ್ಲ. ದೆವ್ವ ಎಂಬುದನ್ನು ಎದುರಿಗೆ ತಂದು ನಿಲ್ಲಿಸುವ ಆತುರ ವ್ಯಾನ್‌ಗೆ ಇಲ್ಲ. ಅವನು ತೋರಿಸುವುದು ಊರನ್ನು: ಹೋಟೆಲು, ರಸ್ತೆ, ಮರಗಳು, ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ಹೊತ್ತು ನಮ್ಮನ್ನು ನೋಡುವ ಜನ.

ಇದರ ಫಲ ಸಿಗುವುದು ಗೇಮಿಗೆ ಕೈಹಾಕಿದಾಗ. ಅಲನ್ ವೇಕ್ ಒಬ್ಬ ಕಾದಂಬರಿಕಾರ. ಹೆಂಡತಿ ಆಲಿಸ್ ಜೊತೆ ರಜೆಗೆಂದು ಅದೇ ಬ್ರೈಟ್ ಫಾಲ್ಸ್‌ಗೆ ಬರುತ್ತಾನೆ, ಆಕೆ ಕಾಣೆಯಾಗುತ್ತಾಳೆ. ಕತ್ತಲೆ ಮೆತ್ತಿಕೊಂಡ ಜನ ಮೈಮೇಲೆ ಬಂದರೆ ಮೊದಲು ಬ್ಯಾಟರಿ ಬೆಳಕು ಬಿಡಬೇಕು, ಆ ಕತ್ತಲೆ ಕಳಚಿದ ಮೇಲೆಯೇ ಗುಂಡು. ಸರಣಿ ನೋಡಿ ಬಂದವನಿಗೆ ಆ ಊರು ಹೊಸದಲ್ಲ, ಅಲ್ಲಿನ ಜನರನ್ನು ನಂಬಬಾರದೆಂದು ಅವನಿಗೆ ಆಗಲೇ ಗೊತ್ತು. ಮಾಡಿದವರು ಫಿನ್ಲೆಂಡಿನ ರೆಮಿಡಿ ಕಂಪನಿಯವರು, ಬರೆದವನು ಸ್ಯಾಮ್ ಲೇಕ್. ಗೇಮನ್ನೂ ಟಿ.ವಿ. ಧಾರಾವಾಹಿಯಂತೆ ಆರು ಕಂತು ಮಾಡಿ, ಪ್ರತಿ ಕಂತಿನ ಮೊದಲಿಗೆ ‘ಹಿಂದಿನ ಕಥೆ’ ತೋರಿಸುತ್ತಾರೆ. ಹಾಗಾಗಿ ಸರಣಿಗೂ ಗೇಮಿಗೂ ನಡುವೆ ಹೊಲಿಗೆ ಕಾಣುವುದಿಲ್ಲ.

ಮುದ್ರಣಕಾಶಿ ಎನಿಸಿಕೊಂಡ ಗದಗಿನವರಿಗೆ ಅರ್ಧ ಕಥೆ ತೋರಿಸಿ ಆಟಕ್ಕೆ ಕರೆಯುವ ಈ ಜಾಣತನ ಪರಕೀಯವೇನಲ್ಲ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಶಿರಹಟ್ಟಿ ವೆಂಕೋಬರಾಯರ ಕಂಪನಿ ಮೆರೆದ ನೆಲ ಇದು. ಕಂಪನಿ ನಾಟಕದ ಹ್ಯಾಂಡ್‌ಬಿಲ್ಲು ಮಾಡುತ್ತಿದ್ದದ್ದೂ ಇದನ್ನೇ: ಕಥೆಯನ್ನು ಮುಕ್ಕಾಲು ಹೇಳಿ, ಸರಿಯಾದ ಜಾಗಕ್ಕೆ ಬಂದಾಗ ‘ಮುಂದೇನಾಯಿತೆಂಬುದನ್ನು ರಂಗದ ಮೇಲೆ ನೋಡಿರಿ’ ಎಂದು ಬಾಯಿ ಮುಚ್ಚಿಕೊಳ್ಳುವುದು. ಆ ಚೀಟಿ ಓದುವುದೇ ಒಂದು ಖುಷಿ, ಟಿಕೆಟ್ ತೆಗೆಯದವನಿಗೂ.

ಇನ್ನು ಕೆಟ್ಟ ಉದಾಹರಣೆ. 2023ರ ಅಕ್ಟೋಬರ್ 31ಕ್ಕೆ ಶುರುವಾದ ‘ಸೈಲೆಂಟ್ ಹಿಲ್: ಅಸೆನ್ಶನ್’ ಸರಣಿ. ಮೂಲ ‘ಸೈಲೆಂಟ್ ಹಿಲ್’ ಗೇಮ್ (1999) ಮಂಜು ಕವಿದ ಒಂದೇ ಒಂದು ಊರಿನ ಕಥೆ. ದೂರದ ಬೀದಿಗಳನ್ನೆಲ್ಲ ಚಿತ್ರಿಸುವ ತಾಕತ್ತು ಆ ಕಾಲದ ಪ್ಲೇಸ್ಟೇಷನ್‌ಗೆ ಇರಲಿಲ್ಲ, ಅದನ್ನು ಮರೆಮಾಡಲು ಮಂಜು ಸುರಿದರು. ಕಡೆಗೆ ಆ ಮಂಜೇ ಅದರ ಗುರುತಾಯಿತು. ಅಸೆನ್ಶನ್‌ನವರು ಆ ಊರನ್ನೇ ಬಿಟ್ಟು ನಾರ್ವೆಗೂ ಪೆನ್ಸಿಲ್ವೇನಿಯಾಕ್ಕೂ ಕಥೆಯನ್ನು ಹರಿದು ಹಂಚಿದರು. ಪಾತ್ರಗಳ ಗತಿ ಏನಾಗಬೇಕೆಂದು ನೋಡುಗರೇ ಆ್ಯಪಿನಲ್ಲಿ ಪಾಯಿಂಟು ಕಟ್ಟಿ ತೀರ್ಮಾನಿಸಬೇಕಿತ್ತು, ಪಾಯಿಂಟನ್ನು ದುಡ್ಡು ಕೊಟ್ಟೂ ಕೊಳ್ಳಬಹುದಿತ್ತು. ಹರಾಜಿನಲ್ಲಿ ಕೂತವನಿಗೆ ಭಯ ಎಲ್ಲಿಂದ ಹುಟ್ಟಬೇಕು? ಸೀಸನ್ ಪಾಸ್ ಕೊಂಡವರಿಗೆ ‘ಇಟ್ಸ್ ಟ್ರಾಮಾ!’ ಎಂದು ಬರೆದ ಬಣ್ಣದ ಸ್ಟಿಕರ್ ಬೇರೆ. ಅದನ್ನು ನೋಡಿ ನಕ್ಕವರೇ ಹೆಚ್ಚು.

ಹಿಂದು ಮುಂದಾಗಿ ಬಂದದ್ದೂ ಒಂದಿದೆ. ‘ಮಾರ್ಬಲ್ ಹಾರ್ನೆಟ್ಸ್’ 2009ರ ಜೂನ್‌ನಲ್ಲಿ ಅಲಬಾಮಾದ ಕೆಲವು ಹುಡುಗರು ಯೂಟ್ಯೂಬಿಗೆ ಹಾಕಲು ಶುರುಮಾಡಿದ ಸರಣಿ. ಕಾಸಿಲ್ಲ, ಕೈಯಲ್ಲೊಂದು ಕ್ಯಾಮೆರಾ, ಸುತ್ತ ಪಾರ್ಕು ಮತ್ತು ಪಾಳುಬಿದ್ದ ಕಟ್ಟಡಗಳು. ದೂರದಲ್ಲಿ ಸೂಟು ತೊಟ್ಟ, ಮುಖವೇ ಇಲ್ಲದ ಒಬ್ಬ ಉದ್ದನೆಯ ಮನುಷ್ಯ. ಅವನು ಏನೂ ಮಾಡುವುದಿಲ್ಲ, ನಿಂತಿರುತ್ತಾನೆ. 2013ರಲ್ಲಿ ‘ಸ್ಲೆಂಡರ್: ದಿ ಅರೈವಲ್’ ಗೇಮ್ ಬಂದಾಗ ಅದರ ಕಥೆಗೆ ಕೈಜೋಡಿಸಿದವರು ಇದೇ ಹುಡುಗರು. ಈ ಸಲ ಗೇಮೇ ಸರಣಿಯ ಬೆನ್ನು ಹತ್ತಿತು.

ಕನ್ನಡದಲ್ಲಿ ಇಂಥ ಸರಣಿಗೆ, ಗೇಮಿಗೆ ಸಾಮಗ್ರಿಯ ಬರವಿಲ್ಲ. ಸಿಕ್ಕ ಕ್ಯಾಮೆರಾದ ದೃಶ್ಯಗಳೆಂದು ಹೇಳಿಕೊಂಡು ಬಂದ ‘6-5=2’ (2013) ಚಾರಣಕ್ಕೆ ಹೋದವರ ಕಥೆಯಿಂದಲೇ ಚಿತ್ರಮಂದಿರ ತುಂಬಿಸಿತು. 2025ರ ಏಪ್ರಿಲ್‌ನಲ್ಲಿ ಝೀ5ಕ್ಕೆ ಬಂದ, ರಮೇಶ್ ಇಂದಿರಾ ನಿರ್ದೇಶಿಸಿದ ‘ಅಯ್ಯನ ಮನೆ’ಯಲ್ಲಿ ಖುಷಿ ರವಿ ಸೊಸೆಯಾಗಿ ಕಾಲಿಡುವ ಮಲೆನಾಡಿನ ಆ ಮನೆ ನೋಡಿ. ಮುಂಚಿನ ಸೊಸೆಯರು ಸತ್ತ ಮನೆ ಅದು, ಒಂದೊಂದು ಬಾಗಿಲನ್ನೂ ನಾವೇ ತಳ್ಳಿ ಒಳಹೋಗುವ ಹಾಗಿದ್ದರೆ ಎಂದು ನನಗನ್ನಿಸಿತ್ತು. ಗೇಮಿಗೆ ಬೇಕಾದದ್ದು ಅಂಥ ಮನೆಯೇ.

ಆದರೆ ಎಲ್ಲರೂ ಮಲೆನಾಡಿಗೇ ಓಡುವುದೇಕೆ? ಬಯಲುಸೀಮೆಯ ದೆವ್ವಗಳಿಗೆ ವಿಳಾಸ ಪಕ್ಕಾ. ಲಕ್ಷ್ಮೇಶ್ವರದ ಕಡೆ ಹಿರಿಯರನ್ನು ಕೇಳಿ ನೋಡಿ, ‘ಎಲ್ಲೋ ಒಂದ್ ಕಡೆ’ ಅನ್ನುವುದಿಲ್ಲ. ಹಳ್ಳ ದಾಟಿದ ಮೇಲೆ ಎಡಕ್ಕೆ ಬರೋ ಹುಣಸಿ ಮರ, ಅದರ ತೆಳಗ, ಅಮಾವಾಸಿ ದಿನ ಅಂತ ಗುರುತು ಹೇಳುತ್ತಾರೆ. ಹುಬ್ಬಳ್ಳಿಯಿಂದ ವರದಿಗಾರನೊಬ್ಬ ರಾತ್ರಿ ಕಡೇ ಬಸ್ಸಿಗೆ ಮುಂಡರಗಿಗೆ ಹೊರಟಿದ್ದಾನೆ ಅನ್ನಿ. ಡೋಣಿಯ ಹತ್ತಿರ ಬಸ್ಸು ಕೆಟ್ಟು ನಿಂತಿದೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು. ಅವುಗಳಲ್ಲಿ ಒಂದು ಮಾತ್ರ ಸಾಲು ಬಿಟ್ಟು, ಸ್ವಲ್ಪ ತಗ್ಗಿನಲ್ಲಿದೆ. ಕಂಡಕ್ಟರನನ್ನು ಕೇಳಿದರೆ ‘ಅದು ಹೋದ ವರ್ಷ ಇರ್ಲಿಲ್ರೀ ಸರ್’ ಅನ್ನುತ್ತಾನೆ. ಮೊದಲ ಕಂತಿಗೆ ಇಷ್ಟು ಸಾಕು. ಆ ದೀಪದ ತನಕ ನಡೆದು ಹೋಗುವುದು ಆಡುವವನ ಕೆಲಸ.

ಅಷ್ಟರವರೆಗೆ ‘ಬ್ರೈಟ್ ಫಾಲ್ಸ್’ ನೋಡಿ. ಆರೂ ಕಂತು ಸೇರಿ ಅರ್ಧ ತಾಸಿನ ಆಚೀಚೆ, ಯೂಟ್ಯೂಬಿನಲ್ಲಿ ಸಿಗುತ್ತವೆ. ‘ಅಲನ್ ವೇಕ್’ ಮೊಬೈಲಿಗೆ ಬರುವಂಥದ್ದಲ್ಲ, 2012ರ ಪಿ.ಸಿ. ಆವೃತ್ತಿ ಅಥವಾ 2021ರ ರಿಮಾಸ್ಟರ್ಡ್ ಆವೃತ್ತಿ ಬೇಕು. ಹುಡುಗರು ನೇರ ಗೇಮಿಗೇ ಕೂರುತ್ತಾರೆ. ಕೂರದಿರಿ. ಸರಣಿ ಮುಗಿಸಿ ಆಡಿದರೆ, ಡಾ. ಹಾರ್ಟ್‌ಮನ್ ನಗುತ್ತ ಎದುರಿಗೆ ಬಂದು ನಿಂತಾಗ ಅಲನ್‌ಗಿಂತ ಮೊದಲು ನಿಮಗೇ ಅನುಮಾನ ಬರುತ್ತದೆ.