ಕೂತೇ ಇರುವವನು

ಜಯನಗರ ನಾಲ್ಕನೇ ಬ್ಲಾಕಿನ ದರ್ಶಿನಿಯಲ್ಲಿ ಕಾಫಿ ಕುಡಿಯುವವನಿಗೆ ಬದುಕಿನಿಂದ ಜಾರಿಕೊಳ್ಳಲು ಪುರುಸೊತ್ತೇ ಇಲ್ಲ. ಟೋಕನ್ ಕೊಡು, ಲೋಟ ಎತ್ತಿಕೋ, ನಿಂತೇ ಹೀರು, ಹಿಂದಿನವರ ಮೊಣಕೈ ತಗಲುವುದರೊಳಗೆ ಜಾಗ ಬಿಡು. 1983ರಲ್ಲಿ ಕೆಫೆ ದರ್ಶಿನಿ ಶುರುವಾದದ್ದೂ ಇದೇ ಬಡಾವಣೆಯಲ್ಲಿ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ದರ್ಶಿನಿಯಲ್ಲಿ ಹುಟ್ಟುವ ಕಥೆಯಲ್ಲ. ಅದಕ್ಕೆ ಕುರ್ಚಿ ಬೇಕು, ಅವಸರವಿಲ್ಲದ ಮೇಜು ಬೇಕು, ಗಿರಾಕಿಯ ಮನಸ್ಸು ಓದಬಲ್ಲ ವಿನ್ಸೆಂಟನಂಥ ವೇಟರ್ ಬೇಕು.

ಒಂದು ಮಧ್ಯಾಹ್ನಕ್ಕೆ ಓದಿ ಮುಗಿಸಬಹುದಾದ ಪುಸ್ತಕ. ನಾನು ಹಾಗೆ ಮುಗಿಸುವುದಿಲ್ಲ. ಲಕ್ಷ್ಮಣರಾವ್ ಪಾರ್ಕಿನ ಬೆಂಚಿನಲ್ಲಿ ಕೂತು ದಿನಕ್ಕೆ ಹತ್ತು ಪುಟ, ಹಬ್ಬದ ಮರುದಿನ ಉಳಿದ ಹೋಳಿಗೆ ಮುರಿದು ತಿಂದ ಹಾಗೆ. 2013ರಲ್ಲಿ ಬಂದ ಕಥೆ. ಇವತ್ತಿಗೂ ಅದರ ಘಮ ಇಳಿದಿಲ್ಲ.

ಇಲ್ಲಿನ ನಿರೂಪಕನದು ಎಂಥ ಸೊಗಸಾದ ಹಿಂಜರಿಕೆ! ಕಾವಿಯಿಲ್ಲ, ಕಾಡಿಲ್ಲ. ಚಿಕ್ಕಪ್ಪ ಕಟ್ಟಿದ ಸೋನಾ ಮಸಾಲಾ ಕಂಪನಿಯಲ್ಲಿ ಹೆಸರಿಗೊಂದು ಹುದ್ದೆ, ಮಾಡಲು ಕೆಲಸವಿಲ್ಲ, ದುಡ್ಡು ಮಾತ್ರ ತಾನಾಗಿ ಖಾತೆಗೆ ಬೀಳುತ್ತದೆ. ಮನೆಯಲ್ಲಿ ಗುದ್ದಾಟ ಜೋರಾದಾಗ ಅವನು ಕಾಫಿ ಹೌಸಿಗೆ ಬಂದು ಕೂರುತ್ತಾನೆ. ಇದನ್ನು ವೈರಾಗ್ಯ ಅನ್ನಲಾರೆ, ನುಣುಚಿಕೊಳ್ಳುವಿಕೆ ಅಂದರೆ ಸರಿ. ಶಾನಭಾಗರು ಅವನಿಗೆ ಒಂದು ಹೆಸರನ್ನೂ ಕೊಟ್ಟಿಲ್ಲ. ಮೊದಲ ಓದಿನಲ್ಲಿ ಇದು ನನ್ನ ಗಮನಕ್ಕೇ ಬರಲಿಲ್ಲ. ಅಷ್ಟು ಸದ್ದಿಲ್ಲದೆ ಮಾಡಿದ್ದಾರೆ.

ನಿರೂಪಕನ ಅಪ್ಪನದು ಇನ್ನೊಂದು ಬಗೆಯ ದೂರವಾಗುವಿಕೆ. ಚಹಾಪುಡಿ ಮಾರುತ್ತಿದ್ದ ಕಾಲದಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ಇಡೀ ಮನೆಗೆ ತಳಮಳ. ರೈಲಿನ ಬೋಗಿಗಳಂತೆ ಒಂದರ ಹಿಂದೊಂದು ಇದ್ದ ಪುಟ್ಟ ಕೋಣೆಗಳಲ್ಲಿ ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತಾಗುತ್ತಿತ್ತು. ಹಣ ಬಂತು, ಗೋಡೆಗಳು ಬಂದವು. ಈಗ ಅಪ್ಪ ಮೂಲೆಯಲ್ಲಿ ಮೌನಿ. ಅವನ ಹೆಸರಿನ ಆಸ್ತಿ ಎಲ್ಲಿ ಕೈತಪ್ಪುತ್ತದೋ ಎಂದು ಉಳಿದವರು ಅವನನ್ನು ಹುಷಾರಾಗಿ ನೋಡಿಕೊಳ್ಳುತ್ತಾರೆ. ಪ್ರೀತಿಯಂತೆಯೇ ಕಾಣುವ ಈ ಹುಷಾರಿಯನ್ನು ಬರೆಯುವುದಿದೆಯಲ್ಲ, ಅದು ಗಟ್ಟಿ ಕೈಯ ಕೆಲಸ.

ಆದರೆ ನನ್ನ ಜೀವ ಇರುವುದು ಲಂಗದ ಲಾಡಿಯಲ್ಲಿ. ಹೊಸದಾಗಿ ಮದುವೆಯಾದ ರಾತ್ರಿಗಳು. ಗಂಟು ಬಿದ್ದ ಲಾಡಿ ಬಿಚ್ಚಲು ಬಾರದೆ ನಿರೂಪಕನ ಹೆಂಡತಿ ಅನಿತಾ ‘ಘಾಚರ್ ಘೋಚರ್’ ಅನ್ನುತ್ತಾಳೆ. ಯಾವ ನಿಘಂಟಿನಲ್ಲೂ ಇಲ್ಲದ ಮಾತು. ಗಾಳಿಪಟದ ದಾರ ಸಿಕ್ಕಾದಾಗ ಹುಟ್ಟಿದ್ದು, ಅವಳ ತವರಿನ ನಾಲ್ಕೇ ಜನಕ್ಕೆ ಗೊತ್ತಿದ್ದದ್ದು. ಅದನ್ನು ಅವನಿಗೂ ಹೇಳಿಕೊಡುತ್ತಾಳೆ. ಒಡವೆಗಿಂತ, ಮುತ್ತಿಗಿಂತ, ಮೆತ್ತಗಿನ ಈ ಬಳುವಳಿ... ಆ ಪುಟದಲ್ಲಿ ನಾನು ಪ್ರತಿ ಸಲ ತಡೆದು ನಿಲ್ಲುತ್ತೇನೆ. ದಂಪತಿ ಎಂದರೆ ಒಂದು ಗುಟ್ಟಿನ ಭಾಷೆ ಎಂದು ಎಷ್ಟು ಸಲೀಸಾಗಿ ತೋರಿಸಿಬಿಟ್ಟರು! ಶ್ರೀನಾಥ್ ಪೇರೂರು ಇಂಗ್ಲಿಷಿಗೆ ತಂದಾಗಲೂ ಈ ಎರಡು ಪದ ಹಾಗೇ ಉಳಿದವು. ಉಳಿಯಲೇಬೇಕಿತ್ತು.

ಅದೇ ಅನಿತಾ ಮುಂದೆ ಆ ಮನೆಯಲ್ಲಿ ಒಂಟಿಯಾಗುತ್ತಾಳೆ. ಚಿಕ್ಕಪ್ಪನನ್ನು ಹುಡುಕಿಕೊಂಡು, ಅವನಿಗಿಷ್ಟದ ಮಸೂರ್ ಬೇಳೆಯ ಅಡುಗೆ ಹಿಡಿದು ಒಬ್ಬಳು ಬಾಗಿಲಿಗೆ ಬರುತ್ತಾಳೆ. ನಿರೂಪಕನ ಅಮ್ಮ, ಒಡಹುಟ್ಟಿದ ಮಾಲತಿ ಸೇರಿ ಅವಳನ್ನು ಬೈದು ಅಟ್ಟುತ್ತಾರೆ. ಅನ್ಯಾಯವಾಯಿತೆಂದು ಬಾಯಿಬಿಟ್ಟು ಹೇಳುವವಳು ಸೊಸೆ ಒಬ್ಬಳೇ. ಗಂಡ? ಸುಮ್ಮನಿರುತ್ತಾನೆ. ಸಿಟ್ಟಿಲ್ಲದ, ದ್ವೇಷವಿಲ್ಲದ, ಬೆಚ್ಚಗಿನ ಸುಮ್ಮನಿರುವಿಕೆ. ಅವನ ಪಾತ್ರವೆಲ್ಲ ಅದರಲ್ಲೇ ಇದೆ.

ನಿನ್ನೆ ಮತ್ತೆ ಮುಗಿಸಿದೆ. ಹೈದರಾಬಾದಿಗೆ ಹೋದ ಅನಿತಾಳಿಂದ ಸುದ್ದಿಯಿಲ್ಲ, ಇವನು ಕಾಫಿ ಹೌಸಿನಲ್ಲೇ ಇದ್ದಾನೆ. ಆಗ ವಿನ್ಸೆಂಟ್ ಮೇಜಿನ ಬಳಿ ನಿಂತು ಒಂದು ಮಾತು ಹೇಳುತ್ತಾನೆ. ಏನೆಂದು ನಾನು ಹೇಳುವುದಿಲ್ಲ. ಅದನ್ನು ಓದಿ ಪಾರ್ಕಿನ ಬೆಂಚಿನಲ್ಲಿ ಕೂತಿದ್ದ ನಾನು, ಎಂದಿನಂತೆ, ನನ್ನ ಕೈ ತಿರುಗಿಸಿ ನೋಡಿಕೊಂಡೆ.