ಬೀದಿಯ ಮರಿ, ಬಾಗಿಲ ಒಳಗೆ

ಬೆಂಗಳೂರಿನಲ್ಲಿ ಬೀದಿಯಿಂದ ಎತ್ತಿ ತಂದ ಬೆಕ್ಕಿನ ಮರಿಯನ್ನು ದತ್ತು ಕೊಡುವವರು ಸಾಮಾನ್ಯವಾಗಿ ಮೊದಲು ಹಾಕುವ ಷರತ್ತು ಒಂದೇ. ಮರಿ ಮನೆಯೊಳಗೇ ಇರಬೇಕು, ಬಾಲ್ಕನಿಗೂ ಕಿಟಕಿಗಳಿಗೂ ಜಾಲರಿ ಇರಬೇಕು. ಎಷ್ಟೋ ಜನ ಜಾಲರಿಯ ಫೋಟೋ ನೋಡದೆ ಮರಿ ಕೊಡುವುದಿಲ್ಲ. ಇದನ್ನು ಕೇಳಿದ ಹಿರಿಯರಿಗೆ ಬೇಸರವಾಗುತ್ತದೆ. ಬೆಕ್ಕನ್ನೂ ಕೂಡಿಹಾಕುವ ಕಾಲ ಬಂತೇ ಎನ್ನುತ್ತಾರೆ. ಅವರು ಕಂಡ ಬೆಕ್ಕು ಬೆಳಿಗ್ಗೆ ಒಲೆಯ ಬುಡದಲ್ಲಿ, ಮಧ್ಯಾಹ್ನ ಪಕ್ಕದ ಮನೆಯ ಹಂಚಿನ ಮೇಲೆ, ರಾತ್ರಿ ಎಲ್ಲೋ ಇರುತ್ತಿತ್ತು. ಬರುವುದೂ ಹೋಗುವುದೂ ಅದರ ಇಷ್ಟ.

ಷರತ್ತು ಸರಿ ಎಂದೇ ನಾನು ನಂಬಿದ್ದೇನೆ. ಆದರೆ ಎಲ್ಲ ಮರಿಗಳಿಗೂ ಅದು ಹೊಂದುವುದಿಲ್ಲ. ಹೊಂದುವ ಮರಿಗೂ ಬರೀ ಜಾಲರಿ ಸಾಲದು. ಷರತ್ತು ಹಾಕುವವರು ಜಾಲರಿಯ ವಿಷಯದಲ್ಲಿ ತೋರುವ ಶಿಸ್ತನ್ನು ಅದರಾಚೆಗಿನ ಸಂಗತಿಗಳಲ್ಲಿ ತೋರುತ್ತಿಲ್ಲ ಎಂಬುದೇ ನನ್ನ ತಕರಾರು.

ಒಳಗೋ ಹೊರಗೋ ಎಂದು ಕೇಳುವ ಮುಂಚೆ ಇನ್ನೊಂದು ಪ್ರಶ್ನೆ ಕೇಳಬೇಕು. ಈ ಮರಿಯನ್ನು ಎತ್ತಲೇಬೇಕಿತ್ತೇ? ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎನ್ನುತ್ತಾರೆ. ಏಳರ ಲೆಕ್ಕ ಹೇಗಾದರೂ ಇರಲಿ, ಜಾಗ ಬದಲಿಸುವುದಂತೂ ನಿಜ. ಕುತ್ತಿಗೆಯ ಹಿಂದಿನ ಚರ್ಮ ಕಚ್ಚಿಕೊಂಡು ಒಂದೊಂದೇ ಮರಿಯನ್ನು ಸಾಗಿಸುವಾಗ ಕೊನೆಯ ಮರಿ ಹಳೆಯ ಜಾಗದಲ್ಲಿ ಒಂಟಿಯಾಗಿ ಕೂಗುತ್ತಾ ಉಳಿದಿರುತ್ತದೆ. ಕೆಲವೊಮ್ಮೆ ತಾಯಿ ಬರೀ ಆಹಾರ ಹುಡುಕಿ ಹೋಗಿರುತ್ತದೆ. ದಾರಿಯಲ್ಲಿ ಹೋಗುವವರ ಮನಸ್ಸು ಕರಗಿ ಮರಿ ಅವರ ಬ್ಯಾಗು ಸೇರುತ್ತದೆ. ತಾಯಿ ಬಂದು ನೋಡಿದರೆ ಜಾಗ ಖಾಲಿ. ಮೈ ತುಂಬಿಕೊಂಡು, ಚೊಕ್ಕಟವಾಗಿ, ಸುಮ್ಮನೆ ಮಲಗಿರುವ ಮರಿಗೆ ತಾಯಿ ಇದೆ ಎಂದೇ ತಿಳಿದು ದೂರದಿಂದ ಕೆಲವು ಗಂಟೆ ಕಾಯಬೇಕು. ಮೈ ತಣ್ಣಗಿದ್ದರೆ, ಕಣ್ಣು ಕೀವಿನಿಂದ ಅಂಟಿಕೊಂಡಿದ್ದರೆ, ಇರುವೆ ಮುತ್ತಿದ್ದರೆ ಕಾಯಬಾರದು. ನಾಲ್ಕು ವಾರ ತುಂಬದ ಮರಿಗೆ ತನ್ನ ಮೈಯ ಬಿಸಿ ಕಾಪಾಡಿಕೊಳ್ಳಲು ಬರುವುದಿಲ್ಲ. ಹಸುವಿನ ಹಾಲು ಕುಡಿಸಿದರೆ ಭೇದಿ ಹತ್ತಿ ಸಾಯುವ ಸಂಭವವೇ ಹೆಚ್ಚು. ಪ್ರೀತಿಯಿಂದ ಎತ್ತಿ ತಂದು ಪ್ಯಾಕೆಟ್ ಹಾಲು ಕುಡಿಸಿ ಕಳೆದುಕೊಂಡ ಮರಿಗಳು ಈ ಊರಿನಲ್ಲಿ ಬೇಕಾದಷ್ಟಿವೆ.

ಹಳೆಯ ಪದ್ಧತಿಯನ್ನು ನ್ಯಾಯವಾಗಿ ನೋಡೋಣ. ಮಲೆನಾಡಿನ ಮನೆಯ ಅಟ್ಟ, ಕೊಟ್ಟಿಗೆ, ಅಡಕೆ ಚೀಲಗಳ ನಡುವೆ ಬೆಳೆದ ಬೆಕ್ಕಿಗೆ ಕೆಲಸವಿತ್ತು, ಜಾಗವಿತ್ತು. ಇಲಿ ಹಿಡಿಯುತ್ತಿತ್ತು. ಮಕ್ಕಳು ಊಟದ ಕೊನೆಗೆ ಹಾಕಿದ ಹಾಲನ್ನವನ್ನೂ ತಿನ್ನುತ್ತಿತ್ತು. ಬೆಕ್ಕು ಮಾಂಸ ತಿಂದೇ ಬದುಕುವ ಪ್ರಾಣಿ. ಅದರ ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ಎಂಬ ಪೋಷಕಾಂಶ ಅನ್ನದಲ್ಲಿ ಇಲ್ಲವೇ ಇಲ್ಲ, ಹಾಲಿನಲ್ಲಿ ಇರುವುದು ಏನೇನೂ ಸಾಲದು. ಹಾಲನ್ನ ತಿಂದೂ ಅದು ಗಟ್ಟಿಯಾಗಿದ್ದುದು ಹೊರಗೆ ಹಿಡಿದು ತಿಂದ ಇಲಿಯಿಂದ. ಆ ಬದುಕು ನಿಜಕ್ಕೂ ತುಂಬಿದ ಬದುಕು. ಆದರೆ ಆ ಮನೆಗಳಲ್ಲಿ ಹುಟ್ಟಿದ ಮರಿಗಳಲ್ಲಿ ಎಷ್ಟು ದೊಡ್ಡವಾದವು ಎಂದು ಯಾರೂ ಎಣಿಸಲಿಲ್ಲ. ಗಂಡುಬೆಕ್ಕು ಕಚ್ಚಿ ಹಾಕಿದ್ದು, ಹೆಬ್ಬಾವು ನುಂಗಿದ್ದು, ಒಂದು ದಿನ ಹೋದದ್ದು ಮರಳದೇ ಇದ್ದದ್ದು, ಎಲ್ಲಕ್ಕೂ ‘ಬೆಕ್ಕು ಎಲ್ಲೋ ಹೋಯಿತು’ ಎಂಬ ಒಂದೇ ಮಾತು. ಮರಿಗಳು ಜಾಸ್ತಿಯಾದಾಗ ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟು ಬರುತ್ತಿದ್ದ ಕೈಗಳೂ ಹಾಲನ್ನ ಹಾಕಿದ ಕೈಗಳೇ. ಹಳೆಯ ಸ್ವಾತಂತ್ರ್ಯವನ್ನು ಹೊಗಳುವಾಗ ಗೋಣಿಚೀಲವನ್ನು ಬಿಟ್ಟು ಹೊಗಳಬಾರದು.

ನಗರದ ಬೀದಿಯಲ್ಲಿ ಆ ತುಂಬಿದ ಬದುಕೂ ಇಲ್ಲ. ಪ್ಯಾನ್‌ಲ್ಯುಕೊಪೀನಿಯಾ ಎಂಬ ವೈರಸ್ ರೋಗವನ್ನೇ ತೆಗೆದುಕೊಳ್ಳಿ. ಲಸಿಕೆ ಬೀಳದ ಮರಿಗೆ ಇದು ತಗುಲಿತೆಂದರೆ ವಾಂತಿ, ಭೇದಿ, ಎರಡು ಮೂರು ದಿನದಲ್ಲಿ ಸಾವು. ವೈರಸ್ಸು ನೆಲದಲ್ಲಿ, ಬಟ್ಟೆಯಲ್ಲಿ ವರ್ಷದವರೆಗೂ ಜೀವ ಹಿಡಿದಿರಬಲ್ಲದು. ಸಾಮಾನ್ಯ ಸೋಪಿಗೆ ಬಗ್ಗುವುದಿಲ್ಲ, ಬ್ಲೀಚ್ ಬೇಕು. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಹದಿನಾರು ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ. ಅಷ್ಟರೊಳಗೆ ಮರಿಯನ್ನು ಹೊರಗೆ ಬಿಡುವುದು ಸಾವಿಗೆ ಒಡ್ಡಿದ ಹಾಗೆ. ಈ ವಿಷಯದಲ್ಲಿ ಎರಡು ಅಭಿಪ್ರಾಯಕ್ಕೆ ಎಡೆಯಿಲ್ಲ. ಇದರ ಮೇಲೆ ನಾಯಿಗುಂಪು, ಇಲಿಪಾಷಾಣ ತಿಂದು ಒದ್ದಾಡುವ ಇಲಿ, ಚಳಿಗೆ ಕಾರಿನ ಬಾನೆಟ್ ಒಳಗೆ ಸೇರಿ ಮಲಗುವ ಅಭ್ಯಾಸ.

ಎತ್ತರದಿಂದ ಬಿದ್ದರೂ ಬೆಕ್ಕು ಕಾಲ ಮೇಲೇ ನಿಲ್ಲುತ್ತದೆ ಎನ್ನುವವರಿಗೆ ಒಂದು ಮಾತು. ನ್ಯೂಯಾರ್ಕಿನ ಕಟ್ಟಡಗಳಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳ ಬಗ್ಗೆ 1987ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚಿಕಿತ್ಸೆ ಪಡೆದವುಗಳ ಪೈಕಿ ನೂರಕ್ಕೆ ತೊಂಬತ್ತು ಬದುಕಿದವು. ಈ ಅಂಕಿಯನ್ನು ಧೈರ್ಯಕ್ಕೆಂದು ಹೇಳುವವರು ಎರಡು ಸಂಗತಿ ಮರೆಯುತ್ತಾರೆ. ಬಿದ್ದಲ್ಲೇ ಸತ್ತವು ಆಸ್ಪತ್ರೆಗೆ ಬರಲಿಲ್ಲ, ಆದ್ದರಿಂದ ಲೆಕ್ಕಕ್ಕೂ ಬರಲಿಲ್ಲ. ಬದುಕಿದ ಅನೇಕವುಗಳಿಗೆ ಎದೆಗೆ ಪೆಟ್ಟಾಗಿತ್ತು, ಅಂಗುಳು ಸೀಳಿತ್ತು, ಕಾಲು ಮುರಿದಿತ್ತು.

ಬೆಕ್ಕಿನ ಕ್ಷೇಮ ಒಂದು ಕಡೆಗಿರಲಿ, ಹಕ್ಕಿಗಳ ಮಾತೂ ಇದೆ. ಅಮೆರಿಕದಲ್ಲಿ ಹೊರಗೆ ತಿರುಗುವ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಎಂದು 2013ರಲ್ಲಿ ಸ್ಕಾಟ್ ಲಾಸ್ ಮತ್ತು ಸಂಗಡಿಗರು ಅಂದಾಜಿಸಿದರು. ಅದರಲ್ಲಿ ಹೆಚ್ಚಿನ ಪಾಲು ಯಾರದೂ ಅಲ್ಲದ ಬೆಕ್ಕುಗಳದು. ಆ ಸಂಖ್ಯೆಯನ್ನು ಹಾಗೇ ಎತ್ತಿ ತಂದು ಇಲ್ಲಿಗೆ ಹಚ್ಚುವುದು ತಪ್ಪು. ಆದರೆ ನಿಮ್ಮ ಮನೆಯ ದಾಸವಾಳದ ಗಿಡದಲ್ಲಿ ಎಲೆ ಹೊಲಿದು ಗೂಡು ಮಾಡಿದ ಸಿಂಪಿಗಕ್ಕೆ ಅಂದಾಜು ಬೇಕಿಲ್ಲ, ಕೆಳಗೆ ಬೆಕ್ಕು ಕೂತಿದೆಯೇ ಎಂಬುದೊಂದೇ ಮುಖ್ಯ. ಹಾರಲು ಕಲಿಯುತ್ತಿರುವ ಪಿಕಳಾರದ ಮರಿ ನೆಲಕ್ಕಿಳಿದ ಅರ್ಧ ಗಂಟೆಯಲ್ಲಿ ಏನಾಗುತ್ತದೆಂದು ಹಿತ್ತಿಲಿರುವ ಮನೆಯವರಿಗೆಲ್ಲ ಗೊತ್ತು. ಇನ್ನು ಕಾಡಂಚಿನ ಊರುಗಳಲ್ಲಿ ಸಾಕುಬೆಕ್ಕಿನ ರೋಗಗಳು ಕಾಡುಬೆಕ್ಕುಗಳಿಗೆ ತಗಲುವ ಭಯವೂ ಇದೆ.

ಬೆಕ್ಕನ್ನು ಸದಾ ಒಳಗೇ ಇಡುವುದು ಬಹಳ ಹಳೆಯ ಪದ್ಧತಿಯೇನಲ್ಲ. 1947ರಲ್ಲಿ ಅಮೆರಿಕದ ಮಿಷಿಗನ್‌ನ ಎಡ್ವರ್ಡ್ ಲೋ ಎಂಬಾತ ನೀರು ಹೀರುವ ಜೇಡಿಮಣ್ಣನ್ನು ಬೆಕ್ಕಿನ ಕಕ್ಕಸಿನ ಟ್ರೇಗೆಂದು ಮಾರಲು ಶುರುಮಾಡಿದ ಮೇಲೆಯೇ ಅದು ಅಲ್ಲಿನ ಮನೆಗಳಲ್ಲಿ ಸುಲಭವಾದದ್ದು. ಬ್ರಿಟನ್ನಿನಲ್ಲಿ ಇವತ್ತಿಗೂ ಬೆಕ್ಕನ್ನು ಹೊರಗೆ ಬಿಡುವುದೇ ವಾಡಿಕೆ. ಆಸ್ಟ್ರೇಲಿಯಾದ ರಾಜಧಾನಿ ಪ್ರಾಂತ್ಯದಲ್ಲಿ 2022ರ ಜುಲೈ 1ರಿಂದೀಚೆಗೆ ಹುಟ್ಟಿದ ಬೆಕ್ಕನ್ನು ಆವರಣ ದಾಟಲು ಬಿಡುವಂತಿಲ್ಲ. ಒಂದೇ ಪ್ರಾಣಿ, ಮೂರು ದೇಶ, ಮೂರು ತೀರ್ಮಾನ. ಅಲ್ಲಲ್ಲಿನ ರಸ್ತೆ, ಹಕ್ಕಿ, ರೋಗ ನೋಡಿ ಅವರು ತೀರ್ಮಾನಿಸಿದ್ದಾರೆ. ನಾವು ನಮ್ಮ ಬೀದಿ ನೋಡಿ ತೀರ್ಮಾನಿಸಬೇಕು, ಆ ಬೀದಿ ಮರಿಗೆ ತಕ್ಕುದಲ್ಲ ಎಂಬುದು ನನ್ನ ತೀರ್ಪು.

ಹಾಗಾದರೆ ಒಳಗೇನಿದೆ? ಇಲ್ಲಿಯೇ ದತ್ತಿನ ಷರತ್ತು ಸೋಲುವುದು. ಜಾಲರಿ ಇದ್ದರೆ ಸಾಕು ಎಂದು ಒಪ್ಪಿ ಮರಿ ಕೊಡುತ್ತಾರೆ. ಆ ಜಾಲರಿಯೂ ಎಷ್ಟೋ ಕಡೆ ಪಾರಿವಾಳ ತಡೆಯಲು ಕಟ್ಟಿದ ನೈಲಾನ್ ಬಲೆ. ಆರು ತಿಂಗಳ ಬೆಕ್ಕು ಅದನ್ನು ಕಚ್ಚಿ ತೂತು ಮಾಡಬಲ್ಲದು, ಆ ತೂತಿನಲ್ಲಿ ತಲೆ ಸಿಕ್ಕಿಸಿಕೊಳ್ಳಲೂಬಲ್ಲದು. ಬೇಕಾದ್ದು ಕಬ್ಬಿಣದ ವೆಲ್ಡ್ ಮೆಶ್. ಅದಾದ ಮೇಲೆ ಬೆಕ್ಕಿಗೆ ಬರೀ ನೆಲವಿದ್ದರೆ ಸಾಲದು, ಎತ್ತರ ಬೇಕು. ಅಡಗಲು ಜಾಗ ಬೇಕು. ಬೇಟೆಯಂಥದ್ದೇನಾದರೂ ಬೇಕು. ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯ ಟೋನಿ ಬಫಿಂಗ್ಟನ್ ಒಳಗಿನ ಬೆಕ್ಕುಗಳ ಮೂತ್ರಕೋಶದ ಉರಿಯೂತವನ್ನು ವರ್ಷಗಟ್ಟಲೆ ಅಭ್ಯಸಿಸಿ, ಸೋಂಕಿಲ್ಲದೆಯೂ ಮತ್ತೆಮತ್ತೆ ಬರುವ ಆ ಕಾಯಿಲೆಗೂ ಬೆಕ್ಕಿನ ಮೇಲಿನ ಒತ್ತಡಕ್ಕೂ ಸಂಬಂಧವಿದೆ ಎಂದು ತೋರಿಸಿದರು. ಮನೆಯ ವಾತಾವರಣ ಸುಧಾರಿಸಿದಾಗ ಬೆಕ್ಕುಗಳೂ ಸುಧಾರಿಸಿದವು. ಅಂದರೆ ಬೇಸರ ಬೆಕ್ಕಿನ ಮೈಗೇ ರೋಗವಾಗಿ ಇಳಿಯಬಲ್ಲದು. ಹಿರಿಯರ ‘ಕೂಡಿಹಾಕುವುದು’ ಎಂಬ ಮಾತಿನಲ್ಲಿ ಇಷ್ಟು ಸತ್ಯವಿದೆ, ಅದನ್ನು ತಳ್ಳಿಹಾಕುವವರ ಜೊತೆ ನಾನಿಲ್ಲ.

ಆದರೆ ಬೆಕ್ಕಿನ ಬೇಸರ ಕಳೆಯಲು ದೊಡ್ಡ ಮನೆಯಾಗಲಿ ದುಬಾರಿ ಸಾಮಾನಾಗಲಿ ಬೇಕಿಲ್ಲ. ನಾನು ನೋಡಿದ ಒಂದು ಬಾಡಿಗೆ ಮನೆ ಎರಡೇ ಕೋಣೆಯದು. ಗೋಡೆಗೆ ಮೊಳೆ ಹೊಡೆಯಬಾರದೆಂದು ಮಾಲೀಕರು ಹೇಳಿದ್ದರಿಂದ ಅಲ್ಲಿದ್ದ ಹೆಣ್ಣುಮಗಳು ಕಿಟಕಿಯ ಅಳತೆಗೆ ಮರದ ಚೌಕಟ್ಟು ಮಾಡಿಸಿ, ಮೆಶ್ ಬಡಿಸಿ, ಕಿಟಕಿಯ ಸರಳುಗಳಿಗೇ ತಂತಿಯಿಂದ ಬಿಗಿದಿದ್ದರು. ಬೀರುವಿನ ಮೇಲೆ ಹಳೆಯ ಜಮಖಾನ ಮಡಿಸಿಟ್ಟು, ಅಲ್ಲಿಗೆ ಹತ್ತಲು ಪಕ್ಕದಲ್ಲಿ ಒಂದರ ಮೇಲೊಂದು ಟ್ರಂಕು. ಒಣ ಆಹಾರವನ್ನು ಬಟ್ಟಲಿಗೆ ಸುರಿಯುತ್ತಿರಲಿಲ್ಲ. ಮೊಟ್ಟೆಯ ರಟ್ಟಿನ ಟ್ರೇಯ ಗುಳಿಗಳಲ್ಲಿ ನಾಲ್ಕು ನಾಲ್ಕು ಕಾಳು ಹಾಕಿ ಮೇಲೆ ಕಾಗದದ ಉಂಡೆ ಮುಚ್ಚುತ್ತಿದ್ದರು. ಬೆಕ್ಕು ಒಂದೊಂದೇ ಉಂಡೆಯನ್ನು ಪಂಜದಿಂದ ಎತ್ತಿ ಎಸೆದು, ಗುಳಿಗೆ ಮೂತಿ ಇಳಿಸಿ, ಮುಂದಿನದಕ್ಕೆ ಹೋಗುತ್ತಿತ್ತು. ಎರಡು ನಿಮಿಷದ ಊಟ ಇಪ್ಪತ್ತು ನಿಮಿಷವಾಗುತ್ತಿತ್ತು. ರಾತ್ರಿ ಅಡುಗೆಮನೆ ತೊಳೆದ ಮೇಲೆ ಸೀರೆಯ ಅಂಚಿನ ಪಟ್ಟಿ ಎಳೆದಾಡಿಸಿ ಆಟ. ಹೊರಗೆ ಹೋಗುವ ಬೆಕ್ಕಿಗೂ ಇದು ಬೇಕು. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದಿನಕ್ಕೆ ಐದು ಹತ್ತು ನಿಮಿಷದ ಆಟದಿಂದ ಬೆಕ್ಕುಗಳು ಮನೆಗೆ ತರುವ ಬೇಟೆ ನೂರಕ್ಕೆ 25ರಷ್ಟು, ಮಾಂಸ ಹೆಚ್ಚಿರುವ ಆಹಾರದಿಂದ 36ರಷ್ಟು ಇಳಿಯಿತು. ಕೊರಳಿಗೆ ಕಟ್ಟಿದ ಗೆಜ್ಜೆಯಿಂದ ಹೇಳಿಕೊಳ್ಳುವಂಥ ಫಲವೇನೂ ಕಾಣಲಿಲ್ಲ.

ನನ್ನನ್ನು ಹೆಚ್ಚು ನೋಯಿಸುವುದು ಮೂರನೆಯ ಪದ್ಧತಿ, ಒಳಗೂ ಅಲ್ಲದ ಹೊರಗೂ ಅಲ್ಲದ ಪದ್ಧತಿ. ಮರಿ ಆರು ತಿಂಗಳವರೆಗೆ ಹಾಸಿಗೆಯಲ್ಲೇ ಮಲಗುತ್ತದೆ. ಆಮೇಲೆ ಒಂದು ರಾತ್ರಿ ಹೆಣ್ಣಾದರೆ ಬೆದೆಗೆ ಬಂದು ನೆಲದಲ್ಲಿ ಹೊರಳಿ ಬೆಳಗಿನವರೆಗೂ ಕೂಗುತ್ತದೆ, ಗಂಡಾದರೆ ಪರದೆಗೆ ಬೆನ್ನು ಕೊಟ್ಟು ಬಾಲ ನಡುಗಿಸಿ ಮೂತ್ರ ಚಿಮ್ಮಿಸುತ್ತದೆ. ಆ ವಾಸನೆ ಎರಡು ಸಲ ಒಗೆದರೂ ಹೋಗುವುದಿಲ್ಲ. ಪಕ್ಕದ ಮನೆಯವರು ಬೈಯುತ್ತಾರೆ. ಮರಿಯಾಗದಂತೆ ಆಪರೇಷನ್ ಮಾಡಿಸಲು ದುಡ್ಡಿಲ್ಲ, ಸಮಯವಿಲ್ಲ, ಅಥವಾ ‘ಪ್ರಕೃತಿಗೆ ವಿರುದ್ಧ’ ಎಂಬ ಮಾತು. ಬಾಗಿಲು ತೆರೆಯುತ್ತಾರೆ, ಹೋಗಿ ಬರಲಿ ಎಂದು. ಆ ಬೆಕ್ಕಿಗೆ ನಾಯಿಯ ಓಟ ಗೊತ್ತಿಲ್ಲ. ತಪ್ಪಿಸಿಕೊಳ್ಳಲು ಯಾವ ಕಂಪೌಂಡು, ಯಾವ ಸಜ್ಜಾ ಎಂದು ಗೊತ್ತಿಲ್ಲ. ಮನುಷ್ಯರ ಕಾಲು ಕಂಡರೆ ಉಜ್ಜಲು ಹೋಗುತ್ತದೆ. ಬೀದಿಯಲ್ಲೇ ಬೆಳೆದ ಬೆಕ್ಕಿಗೆ ಇರುವ ಒಂದು ವಿದ್ಯೆಯೂ ಇದಕ್ಕಿಲ್ಲ, ಏಕೆಂದರೆ ಅದನ್ನು ಕಲಿಯುವ ತಿಂಗಳುಗಳಲ್ಲಿ ನಾವು ಬೆಕ್ಕನ್ನು ಒಳಗಿಟ್ಟಿದ್ದೆವು. ಹೆಣ್ಣು ಬದುಕಿ ಉಳಿದರೆ ಒಂಬತ್ತು ವಾರಕ್ಕೆ ಯಾವುದೋ ನಿಂತ ಕಾರಿನ ಕೆಳಗೆ ನಾಲ್ಕು ಮರಿ. ತಿನ್ನಲು ಸಿಗದಲ್ಲಿ ಪ್ರಾಣಿಯನ್ನು ಬಿಟ್ಟು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಬಾಗಿಲು ತೆರೆದವರು ತಾವು ಬಿಟ್ಟು ಬಂದೆವೆಂದು ಎಂದೂ ಎಣಿಸುವುದಿಲ್ಲ.

ಹೊರಗೇ ಉಳಿಯಬೇಕಾದ ಮರಿಗಳೂ ಇವೆ. ಮರಿ ಮನುಷ್ಯರಿಗೆ ಒಗ್ಗುವ ಕಾಲ ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಎಂದು ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಐಲೀನ್ ಕಾರ್ಷ್ ಮಾಡಿದ ಪ್ರಯೋಗಗಳಿಂದ ತಿಳಿದುಬಂತು. ಆ ಕಾಲದಲ್ಲಿ ಮನುಷ್ಯರ ಕೈ ಕಾಣದೆ, ನಾಲ್ಕೈದು ತಿಂಗಳು ಬೀದಿಯಲ್ಲೇ ಬೆಳೆದ ಮರಿಯನ್ನು ಬೋನಿನಲ್ಲಿ ಹಿಡಿದು ತಂದು ಕೋಣೆಯಲ್ಲಿಟ್ಟರೆ ಅದು ತಿಂಗಳುಗಟ್ಟಲೆ ಮಂಚದ ಕೆಳಗಿಂದ ಬರುವುದಿಲ್ಲ. ಹಗಲೆಲ್ಲ ಗೋಡೆಗೆ ಒತ್ತಿಕೊಂಡಿರುತ್ತದೆ, ರಾತ್ರಿ ಮಾತ್ರ ತಿನ್ನುತ್ತದೆ. ಅದನ್ನು ಪಳಗಿಸುತ್ತೇನೆಂಬ ಹಟದಲ್ಲಿ ನಮ್ಮ ಸಮಾಧಾನವೇ ಹೆಚ್ಚು. ಆಪರೇಷನ್ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಿ, ಗುರುತಿಗೆ ಕಿವಿಯ ತುದಿ ಕತ್ತರಿಸಿ, ಹಿಡಿದ ಜಾಗದಲ್ಲೇ ಬಿಟ್ಟು ದಿನವೂ ಹೊತ್ತಿಗೆ ಸರಿಯಾಗಿ ಊಟ ಹಾಕುವುದೇ ಅದಕ್ಕೆ ನಿಜವಾದ ಉಪಕಾರ. ಹಿಡಿದ ಜಾಗ ಎಂಬುದು ಮುಖ್ಯ, ಏಕೆಂದರೆ ಬೇರೆ ಬೀದಿಯ ಬೆಕ್ಕುಗಳು ಅದನ್ನು ಸೇರಿಸುವುದಿಲ್ಲ. ತೋಟದ ಮನೆ, ಗೋದಾಮು, ರಸ್ತೆಯಿಂದ ದೂರದ ಕೊಟ್ಟಿಗೆ ಇರುವವರು ಅರೆಪಳಗಿದ ಬೆಕ್ಕನ್ನು ಕೇಳಿ ಬಂದರೆ ಜಾಲರಿಯ ಷರತ್ತು ತೋರಿಸಿ ವಾಪಸು ಕಳಿಸಬಾರದು. ಆಪರೇಷನ್ ಆಗಿದೆಯೇ, ಕೆಲವು ವಾರ ಒಂದು ಕೋಣೆಯಲ್ಲಿಟ್ಟು ಆ ಜಾಗಕ್ಕೆ ಒಗ್ಗಿಸಿ ಆಮೇಲೆ ಬಿಡುತ್ತಾರೆಯೇ ಎಂದು ಕೇಳಿ ಕೊಡಬೇಕು.

ಮನೆಯೊಳಗೆ ಹೋಗುವ ಮರಿಯ ಮಟ್ಟಿಗೆ ದತ್ತು ಕೊಡುವವರು ಜಾಲರಿಯ ಫೋಟೋದ ಜೊತೆಗೆ ಇನ್ನೂ ನಾಲ್ಕು ಸಂಗತಿ ಬರೆಸಿಕೊಳ್ಳಲಿ. ಆಪರೇಷನ್ ಯಾವ ತಿಂಗಳು, ಆ ಖರ್ಚು ಯಾರದು, ಊರಿಗೆ ಹೋದಾಗ ಮರಿಯನ್ನು ನೋಡಿಕೊಳ್ಳುವವರು ಯಾರು, ಮಾಲೀಕರು ಮನೆ ಬಿಡಿಸಿದರೆ ಬೆಕ್ಕು ಎಲ್ಲಿಗೆ. ಒಂಟಿ ಮರಿಯ ಬದಲು ಒಡಹುಟ್ಟಿದ ಎರಡನ್ನು ಒಟ್ಟಿಗೆ ಕೊಡಲು ಸಾಧ್ಯವೇ ಎಂದೂ ನೋಡಲಿ, ದಿನವಿಡೀ ಬೀಗ ಹಾಕಿರುವ ಮನೆಯಲ್ಲಿ ಒಂದಕ್ಕೊಂದು ಜೊತೆ. ನಾಲ್ಕನೆಯ ತಿಂಗಳು ತುಂಬಿದಾಗ ಕೊಟ್ಟವರೇ ಫೋನ್ ಮಾಡಿ, ಡಾಕ್ಟರ ಹತ್ತಿರ ಸಮಯ ಗೊತ್ತುಮಾಡಿ, ಬುಟ್ಟಿ ಇಲ್ಲದವರಿಗೆ ತಮ್ಮ ಬುಟ್ಟಿಯನ್ನೇ ಒಂದು ದಿನಕ್ಕೆ ಕೊಟ್ಟುಕಳಿಸಲಿ.