ಕಂಟಿಂಜೆಂಟಿನ ಬಾಕಿ

ಸೈದಾಪುರದಿಂದ ದಕ್ಷಿಣಕ್ಕೆ ಕೃಷ್ಣೆ ದಾಟಿದರೆ ರಾಯಚೂರು. ಎರಡು ನದಿಗಳ ನಡುವಿನ ಆ ದೋಆಬ್ ಸೀಮೆಯನ್ನು 1853ರಲ್ಲಿ ಹೈದರಾಬಾದಿನ ನಿಜಾಮನು ಬೆರಾರ್ ಮತ್ತು ಧಾರಾಶಿವಗಳ ಜೊತೆ ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಬೇಕಾಯಿತು. ಕಾರಣ, ಹೈದರಾಬಾದ್ ಕಂಟಿಂಜೆಂಟಿನ ಖರ್ಚು ಮತ್ತು ಬಾಕಿ. ಸರ್ಕಾರಗಳಿಗೆ ಸೈನಿಕ ಸೇವೆ ಮಾರುವ ಕಂಪನಿಗಳ ಮಾತು ಬಂದಾಗ ಬ್ಲ್ಯಾಕ್‌ವಾಟರ್, ವ್ಯಾಗ್ನರ್ ಎನ್ನುತ್ತೇವೆ. ನಮ್ಮ ನೆಲದ ಈ ಲೆಕ್ಕವನ್ನು ಮೊದಲು ಓದಬೇಕು. 1800ರ ಒಪ್ಪಂದದಂತೆ ನಿಜಾಮ ಯುದ್ಧ ಬಂದಾಗ ಮಾತ್ರ 6,000 ಕಾಲಾಳು, 9,000 ಕುದುರೆ ಒದಗಿಸಬೇಕಿತ್ತು. ಕಂಪನಿಯ ಕಾಯಂ ಪಡೆಗೆಂದು ಬಳ್ಳಾರಿ, ಕಡಪ ಸೀಮೆಗಳನ್ನು ಆಗಲೇ ಕೊಟ್ಟಾಗಿತ್ತು. ಆದರೂ ನಿಜಾಮನ ದರ್ಬಾರಿನಲ್ಲಿದ್ದ ಕಂಪನಿಯ ಪ್ರತಿನಿಧಿ, ರೆಸಿಡೆಂಟ್ ಹೆನ್ರಿ ರಸೆಲ್ ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ ಇನ್ನೊಂದು ಪಡೆ ಕಟ್ಟಿದ. ಅದೇ ಮುಂದೆ ಕಂಟಿಂಜೆಂಟ್ ಆಯಿತು. ಶಾಂತಿಕಾಲದಲ್ಲೂ ಅದು ಉಳಿಯಿತು, ಖರ್ಚು ವರ್ಷಕ್ಕೆ 40 ಲಕ್ಷ ರೂಪಾಯಿಯ ಆಸುಪಾಸಿಗೆ ಏರಿತು. ಅಧಿಕಾರಿಗಳನ್ನು ನೇಮಿಸುವವನು ರೆಸಿಡೆಂಟ್, ಸಂಬಳ ತೆರುವವನು ನಿಜಾಮ, ಆ ಸಂಬಳಕ್ಕೆ ಭಾರೀ ಬಡ್ಡಿಗೆ ಸಾಲ ಕೊಡುವವರು ಹೈದರಾಬಾದಿನ ಪಾಮರ್ ಕಂಪನಿಯವರು. ಈ ವ್ಯವಹಾರದ ಕೇಡು ಬೆಲೆಯಲ್ಲಷ್ಟೇ ಇರಲಿಲ್ಲ. ಎಷ್ಟು ಬೇಕು, ಯಾವಾಗ ಸಾಕು ಎಂದು ಹೇಳುವ ಅಧಿಕಾರವೇ ಕೊಳ್ಳುವವನಿಗೆ ಇರಲಿಲ್ಲ.

ದರ್ಬಾರಿನ ದುಂದುವೆಚ್ಚವೇ ಸಾಲಕ್ಕೆ ಕಾರಣ ಎನ್ನುವವರಿದ್ದಾರೆ. ದುಂದು ಇದ್ದದ್ದು ನಿಜ. ಆದರೆ ಬಿಲ್ಲನ್ನು ಪ್ರಶ್ನಿಸಬೇಕಿದ್ದ ನಿಜಾಮನ ಮಂತ್ರಿ ಚಂದೂಲಾಲ್ ತನ್ನ ಅಧಿಕಾರಕ್ಕೆ ನೆಚ್ಚಿಕೊಂಡದ್ದು ರೆಸಿಡೆನ್ಸಿಯ ಬೆಂಬಲವನ್ನೇ. ಅಂಥವನು ಯಾವ ಬಾಯಿಂದ ಬೇಡ ಎಂದಾನು? ಬಡ್ಡಿಯ ಜಾಲವನ್ನು ಬಯಲಿಗೆಳೆದವನು ಈಸ್ಟ್ ಇಂಡಿಯಾ ಕಂಪನಿಯದೇ ರೆಸಿಡೆಂಟ್ ಚಾರ್ಲ್ಸ್ ಮೆಟ್ಕಾಫ್ ಎಂಬುದನ್ನೂ ಹೇಳಬೇಕು. ಪಾಮರ್ ಕಂಪನಿ ಮುಳುಗಿತು, ಪಡೆ ಮಾತ್ರ ಹಾಗೇ ಉಳಿಯಿತು. ಇನ್ನೊಂದು ವಾದ, ಈ ಪಡೆ ಶಿಸ್ತು ತಂದಿತು, ಮೆಡೋಸ್ ಟೇಲರ್‌ನಂಥವರನ್ನು ಕೊಟ್ಟಿತು ಎಂಬುದು. ನಿಜಾಮನ ಪಡೆಯಿಂದಲೇ ಬಂದ ಟೇಲರ್ 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತದಲ್ಲಿದ್ದ. ಕೆಲಸವನ್ನು ಪ್ರೀತಿಯಿಂದಲೇ ಮಾಡಿದ. ಅಧಿಕಾರಿ ಒಳ್ಳೆಯವನಾದ ಮಾತ್ರಕ್ಕೆ ಕರಾರು ಒಳ್ಳೆಯದಾಗುವುದಿಲ್ಲ. 1858ರ ಫೆಬ್ರುವರಿಯಲ್ಲಿ ಬಂಡೆದ್ದ ರಾಜಾ ವೆಂಕಟಪ್ಪ ನಾಯಕನ ಸುರಪುರದ ಎದುರು ಬೀಡುಬಿಟ್ಟದ್ದೂ ಇದೇ ಕಂಟಿಂಜೆಂಟಿನ ತುಕಡಿ.

1860ರ ಒಪ್ಪಂದದಲ್ಲಿ ನಿಜಾಮನ 50 ಲಕ್ಷದ ಸಾಲ ವಜಾ ಆಯಿತು, ದೋಆಬ್ ಮತ್ತು ಧಾರಾಶಿವ ಮರಳಿದವು, ಬಂಡಾಯದ ನಂತರ ಬ್ರಿಟಿಷರ ವಶವಾಗಿದ್ದ ಸುರಪುರವನ್ನೂ ಅವನಿಗೇ ಕೊಟ್ಟರು. ಸುರಪುರದ ಜನರನ್ನು ಯಾರೂ ಕೇಳಲಿಲ್ಲ. ಒಂದು ಸಂಸ್ಥಾನವೇ ಲೆಕ್ಕ ಚುಕ್ತಾ ಮಾಡುವ ಚಿಲ್ಲರೆಯಾಗಿಹೋಯಿತು. ಬೆರಾರ್ ಮಾತ್ರ ಕಂಟಿಂಜೆಂಟಿನ ಖರ್ಚಿಗೆಂದು ಬ್ರಿಟಿಷರಲ್ಲೇ ಉಳಿಯಿತು. 1902ರಲ್ಲಿ ಅದನ್ನು ವರ್ಷಕ್ಕೆ 25 ಲಕ್ಷಕ್ಕೆ ಕಾಯಂ ಗುತ್ತಿಗೆ ಬರೆಸಿಕೊಂಡರು. ಮರುವರ್ಷ ಕಂಟಿಂಜೆಂಟ್ ಭಾರತೀಯ ಸೇನೆಯಲ್ಲಿ ವಿಲೀನವಾಯಿತು. ಬೆರಾರ್ ನಿಜಾಮನ ಆಡಳಿತಕ್ಕೆ ಮತ್ತೆ ಬರಲಿಲ್ಲ.